ವರಾತದ ಮುಂದೆ ನಡೆಯುವ ಬ್ಯಾಂಡ್ ಕಂಪನಿ: ಗಡಿಭಾಗದ ವಾಜಂತ್ರಿಗಳ ಕಲೆ, ಕಸುಬು ಮತ್ತು ಕಷ್ಟ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಮದುವೆ ನಿಶ್ಚಯವಾದ ಮೇಲೆ ಮನೆಯ ಹಿರಿಯರು ಮೊದಲು ಮೂರು ಕೆಲಸ ಮುಗಿಸುತ್ತಾರೆ. ಮುಹೂರ್ತ ತೆಗೆಸುವುದು, ಅಡುಗೆಯವರನ್ನು ಗೊತ್ತು ಮಾಡುವುದು, ಬ್ಯಾಂಡಿನವರಿಗೆ ಸುಪಾರಿ ಕೊಡುವುದು. ಒಳ್ಳೆಯ ಮುಹೂರ್ತದ ದಿನ ಒಂದೇ ಊರಿನಲ್ಲಿ ನಾಲ್ಕಾರು ಮದುವೆಗಳಿರುವುದರಿಂದ, ತಡ ಮಾಡಿದವರಿಗೆ ಒಳ್ಳೆಯ ಬ್ಯಾಂಡ್ ಸಿಗುವುದಿಲ್ಲ ಎಂಬ ಮಾತು ಇಲ್ಲಿ ಹಳೆಯದು.

ಇಂದು ಆ ಮಾತು ಮೊದಲಿನಷ್ಟು ನಿಜವಾಗಿ ಉಳಿದಿಲ್ಲ. ಮದುವೆಯ ವರಾತವಿರಲಿ, ಗಣಪತಿ ವಿಸರ್ಜನೆಯಿರಲಿ, ಟ್ರ್ಯಾಕ್ಟರ್ ಮೇಲೆ ಪೆಟ್ಟಿಗೆಗಳನ್ನು ಒಟ್ಟಿದ ಡಾಲ್ಬಿ ಬಂದು ನಿಲ್ಲುತ್ತಿದೆ. ಕೆಂಪು ಕೋಟು, ಜರಿಯ ಟೊಪ್ಪಿಗೆ ಹಾಕಿಕೊಂಡ ಹದಿನೈದು ಇಪ್ಪತ್ತು ಜನ ಊದುತ್ತ ಬಾರಿಸುತ್ತ ಮುಂದೆ ನಡೆಯುವ ದೃಶ್ಯ ಕಡಿಮೆಯಾಗುತ್ತಿದೆ. ಎಲ್ಲರೂ ಕೇಳಿರುವ, ಎಲ್ಲರೂ ಕುಣಿದಿರುವ ಈ ಬ್ಯಾಂಡ್ ಒಳಗಿನಿಂದ ಹೇಗೆ ನಡೆಯುತ್ತದೆ ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ತಿಳಿದರೆ, ಬ್ಯಾಂಡ್ ಬಿಟ್ಟು ಡಾಲ್ಬಿ ತರಿಸುವಾಗ ಊರು ಏನನ್ನು ಬಿಡುತ್ತಿದೆ ಎಂಬುದೂ ತಿಳಿಯುತ್ತದೆ.

ಯಾರು ಏನು ನುಡಿಸುತ್ತಾರೆ?

ಹಳ್ಳಿಯ ಬ್ಯಾಂಡ್ ಕಂಪನಿಯಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಜನ ಇರುತ್ತಾರೆ. ಎಲ್ಲರಿಗಿಂತ ಮುಂದೆ ಅಥವಾ ನಡುವೆ ನಿಲ್ಲುವವನು ಮಾಸ್ತರ. ಅವನ ಕೈಯಲ್ಲಿ ಹೆಚ್ಚಾಗಿ ಕ್ಲಾರ್ನೆಟ್ ಅಥವಾ ಟ್ರಂಪೆಟ್ ಇರುತ್ತದೆ. ಯಾವ ಹಾಡು, ಯಾವಾಗ ಶುರು, ಯಾವಾಗ ನಿಲ್ಲಿಸುವುದು, ಯಾವಾಗ ಲಯ ಏರಿಸುವುದು ಎಂಬುದೆಲ್ಲ ಅವನ ಕಣ್ಣಸನ್ನೆಯ ಮೇಲೆ ನಡೆಯುತ್ತದೆ.

ಹಾಡಿನ ಧಾಟಿಯನ್ನು ಕ್ಲಾರ್ನೆಟ್ ಮತ್ತು ಟ್ರಂಪೆಟ್ ಹಿಡಿಯುತ್ತವೆ. ಕೆಲವು ಕಂಪನಿಗಳಲ್ಲಿ ಸ್ಯಾಕ್ಸೋಫೋನ್ ಕೂಡ ಇರುತ್ತದೆ. ಹೊಟ್ಟೆಗೆ ಅವುಚಿಕೊಂಡು ಊದುವ ದೊಡ್ಡ ವಾದ್ಯ ಯೂಫೋನಿಯಂ. ಇದು ಅದೇ ಧಾಟಿಯನ್ನು ಕೆಳಗಿನ ಸ್ವರದಲ್ಲಿ ನುಡಿಸಿ ಹಾಡಿಗೆ ಮೈ ತುಂಬುತ್ತದೆ. ಹಿಂದೆ ಸೈಡ್ ಡ್ರಮ್, ದೊಡ್ಡ ಢೋಲು, ತಾಳ, ಖುಳಖುಳಾ ಬಾರಿಸುವವರು ಇರುತ್ತಾರೆ. ಇತ್ತೀಚಿನ ದಶಕಗಳಲ್ಲಿ ಕೈಗಾಡಿಯ ಮೇಲೆ ಜನರೇಟರ್, ಭೋಂಗಾ, ಕ್ಯಾಸಿಯೋ, ಬ್ಯಾಂಜೊ ಮತ್ತು ಮೈಕು ಹಿಡಿದು ಹಾಡುವ ಒಬ್ಬ ಗಾಯಕ ಸೇರಿಕೊಂಡಿದ್ದಾರೆ.

ಇವೆಲ್ಲವನ್ನೂ ನಾವು ಹಿತ್ತಾಳೆ ವಾದ್ಯ ಎಂದು ಕರೆದರೂ ಸಂಗೀತದವರ ಲೆಕ್ಕ ಬೇರೆ. ತುಟಿ ನಡುಗಿಸಿ ಸ್ವರ ಹುಟ್ಟಿಸುವ ಟ್ರಂಪೆಟ್, ಯೂಫೋನಿಯಂಗಳು ಮಾತ್ರ ಹಿತ್ತಾಳೆ ಕುಲದವು. ಕ್ಲಾರ್ನೆಟ್‌ನಲ್ಲಿ ಸ್ವರ ಹುಟ್ಟುವುದು ಬಾಯಿಯ ತುದಿಗೆ ಕಟ್ಟಿದ ಬೆತ್ತದ ಪಟ್ಟಿಯಿಂದ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನ್‌ನ ಮೈ ಹಿತ್ತಾಳೆಯದೇ ಆದರೂ, ಅದರ ಬಾಯಿಯಲ್ಲಿಯೂ ಇಂಥದೇ ಪಟ್ಟಿ ಇರುವುದರಿಂದ ಅದು ಕ್ಲಾರ್ನೆಟ್‌ನ ಬಳಗಕ್ಕೆ ಸೇರುತ್ತದೆ. ನಮ್ಮ ಸನಾದಿಯೂ ಪಟ್ಟಿ ಕಟ್ಟಿದ ವಾದ್ಯವೇ. ಸನಾದಿ ನುಡಿಸುತ್ತಿದ್ದ ಮನೆತನದವರಿಗೆ ಕ್ಲಾರ್ನೆಟ್ ಬೇಗ ಒಗ್ಗಿದ್ದರೆ ಆಶ್ಚರ್ಯವಿಲ್ಲ.

ಪಲ್ಟನ್ನಿನಿಂದ ಮದುವೆ ಮನೆಗೆ

ಬ್ಯಾಂಡ್ ನಮ್ಮ ದೇಶಕ್ಕೆ ಬಂದಿದ್ದು ಯುರೋಪಿನವರ ಸೈನ್ಯದ ಜೊತೆಗೆ. ಪಲ್ಟನ್ನುಗಳು ಎಲ್ಲಿ ನೆಲೆ ನಿಂತವೋ ಅಲ್ಲಿ ಅವುಗಳ ವಾದ್ಯಮೇಳವೂ ಕೇಳಿಸಿತು. ಅದನ್ನು ಕೇಳಿದ ನಮ್ಮ ಸಂಗೀತಗಾರರು ಸುಮ್ಮನೆ ಕೂರಲಿಲ್ಲ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು (1775-1835) ಇಂಗ್ಲಿಷರ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ರಚಿಸಿದ ನೊಟ್ಟುಸ್ವರಗಳು ಇಂದಿಗೂ ಹಾಡಿನಲ್ಲಿವೆ. ಮುಂದೆ ಹಲವು ಸಂಸ್ಥಾನಗಳು ತಮ್ಮದೇ ಬ್ಯಾಂಡ್ ಕಟ್ಟಿಕೊಂಡವು. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ಬ್ಯಾಂಡ್ ಎಂದು ಎರಡು ಮೇಳಗಳಿದ್ದವು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ (1949-2019) ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಮುಂದೆ ಅದನ್ನೇ ಕರ್ನಾಟಕ ಸಂಗೀತದ ಕಚೇರಿಗೆ ಏರಿಸಿದರು.

ಸೈನ್ಯದಲ್ಲಿ ಮತ್ತು ಅರಮನೆಗಳಲ್ಲಿ ಕಲಿತವರು ಹೊರಗೆ ಬಂದು ತಮ್ಮ ಕಂಪನಿಗಳನ್ನು ಕಟ್ಟಿದರು. ಮದುವೆ ಬ್ಯಾಂಡಿನ ಕೋಟು, ಭುಜದ ಝಾಲರು, ಟೊಪ್ಪಿಗೆಯ ತುರಾಯಿ ಇವೆಲ್ಲ ಸೈನ್ಯದ ಉಡುಪಿನ ನೆನಪು. ವಾದ್ಯ ತಯಾರಿಕೆಯೂ ಇಲ್ಲಿಯೇ ಶುರುವಾಯಿತು. ಉತ್ತರ ಪ್ರದೇಶದ ಮೇರಠದಲ್ಲಿ 1885ರಲ್ಲಿ ನಾದಿರ್ ಅಲಿ ಎಂಬ ಬ್ಯಾಂಡ್ ಮಾಸ್ತರರು ಆರಂಭಿಸಿದ ಕಂಪನಿ ಮುಂದೆ ವಾದ್ಯಗಳ ಕಾರ್ಖಾನೆಯಾಯಿತು. ಆ ಊರಿನ ಜಾಲಿ ಕೋಠಿ ಎಂಬ ಓಣಿ ಇಂದಿಗೂ ಬ್ಯಾಂಡ್ ವಾದ್ಯಗಳಿಗೆ ಹೆಸರುವಾಸಿ. ನಮ್ಮ ಪಕ್ಕದ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ತಂತಿ ವಾದ್ಯಕ್ಕೆ ಮಿರಜ ಹೇಗೋ ಹಿತ್ತಾಳೆ ವಾದ್ಯಕ್ಕೆ ಮೇರಠ ಹಾಗೆ.

ಆಯದಿಂದ ಸುಪಾರಿಗೆ

ಬ್ಯಾಂಡ್ ಬರುವ ಮೊದಲು ನಮ್ಮ ಹಳ್ಳಿಗಳಲ್ಲಿ ವಾದ್ಯವಿರಲಿಲ್ಲ ಎಂದಲ್ಲ. ಸನಾದಿ, ಸಂಬಾಳ, ಹಲಗಿ, ಕರಡಿ ಮಜಲು ಎಲ್ಲವೂ ಇದ್ದವು. ಆದರೆ ಅವನ್ನು ಬಾರಿಸುವವರು ಯಾರು ಎಂಬುದು ಜಾತಿಯಿಂದಲೇ ನಿಶ್ಚಯವಾಗಿತ್ತು. ಕೊರವರು, ಹೊಲಾರರು, ಮಾಂಗರು, ಗುರವರು ಹೀಗೆ ಕೆಲವೇ ಸಮುದಾಯಗಳ ಮೇಲೆ ಈ ಕೆಲಸ ಬಿದ್ದಿತ್ತು. ವಿಜಾಪುರ, ಬಾಗಲಕೋಟೆ ಕಡೆ ಭಜಂತ್ರಿ ಎಂಬ ಹೆಸರೇ ಅಡ್ಡಹೆಸರಾಗಿ ಉಳಿದಿದೆ. ರಾಜಕುಮಾರ್ ಅಭಿನಯದ 1977ರ ‘ಸನಾದಿ ಅಪ್ಪಣ್ಣ’ ಚಿತ್ರವನ್ನು ಕಂಡವರಿಗೆ ಸನಾದಿ ನುಡಿಸುವವನ ಬಾಳು ಹೇಗಿರುತ್ತದೆಂದು ನೆನಪಿರಬಹುದು. ಆ ಚಿತ್ರದ ಸನಾದಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್.

ಆ ಕಾಲದಲ್ಲಿ ವಾದ್ಯದವರಿಗೆ ಹಣ ಗೊತ್ತುಮಾಡುವ ಪದ್ಧತಿ ಇರಲಿಲ್ಲ. ಕನ್ನಡದಲ್ಲಿ ಆಯ, ಮರಾಠಿಯಲ್ಲಿ ಬಲುತೆ ಎನ್ನುವ ಕ್ರಮದಲ್ಲಿ ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಮದುವೆಯಲ್ಲಿ ಕೊನೆಯ ಪಂಕ್ತಿಯ ಊಟ. ಬಾರಿಸುವುದಿಲ್ಲ ಎನ್ನುವ ಹಕ್ಕು ಇರಲಿಲ್ಲ. ಈ ಕಾರಣಕ್ಕೇ ಗಡಿಯ ಎರಡೂ ಬದಿಯಲ್ಲಿ ಎಷ್ಟೋ ದಲಿತ ಕುಟುಂಬಗಳು ಹಲಗಿ ಬಾರಿಸುವುದನ್ನು ಬಿಟ್ಟವು. ಅದು ಕಲೆಯ ಮೇಲಿನ ಸಿಟ್ಟಲ್ಲ, ಬಿಟ್ಟಿ ಚಾಕರಿಯ ಮೇಲಿನ ಸಿಟ್ಟು.

ಬ್ಯಾಂಡ್ ಕಂಪನಿ ಇಲ್ಲಿ ಒಂದು ದೊಡ್ಡ ಬದಲಾವಣೆ ತಂದಿತು. ಬ್ಯಾಂಡಿಗೆ ಹೆಸರಿದೆ, ಬೋರ್ಡಿದೆ, ಸಮವಸ್ತ್ರವಿದೆ, ದರವಿದೆ. ಮನೆಯವರು ಕಂಪನಿಗೆ ಬಂದು ಮಾತಾಡಿ, ಇಸಾರ ಕೊಟ್ಟು, ತಾರೀಖು ಬರೆಸಿ ಹೋಗಬೇಕು. ಒಲ್ಲೆ ಎನ್ನುವ ಸ್ವಾತಂತ್ರ್ಯ ಮಾಸ್ತರನಿಗೂ ಇದೆ. ಜಾತಿಯ ಕಾಟ ಇದರಿಂದ ಮುಗಿದುಹೋಯಿತು ಎನ್ನಲಾಗದು. ಇಂದಿಗೂ ಬ್ಯಾಂಡಿನವರನ್ನು ಎಲ್ಲರೂ ಉಂಡ ಮೇಲೆ ಊಟಕ್ಕೆ ಕರೆಯುವ ಮನೆಗಳಿವೆ. ಆದರೂ ಆಯದಿಂದ ಕರಾರಿಗೆ ಬಂದಿದ್ದು ವಾದ್ಯದವರ ಪಾಲಿಗೆ ಸಣ್ಣ ಸಂಗತಿಯಲ್ಲ. ಬ್ಯಾಂಡ್ ಮುಚ್ಚಿದರೆ ಹೋಗುವುದು ಹಾಡು ಮಾತ್ರವಲ್ಲ, ಹೀಗೆ ಗಳಿಸಿಕೊಂಡ ಈ ಸ್ಥಾನವೂ ಹೋಗುತ್ತದೆ.

ಮೂರು ಗುಂಡಿ, ಏಳು ಸ್ವರ

ಟ್ರಂಪೆಟ್‌ಗೆ ಇರುವುದು ಮೂರೇ ಗುಂಡಿ. ಅದರಲ್ಲಿ ಎಲ್ಲ ಹಾಡು ಹೇಗೆ ಬರುತ್ತದೆ ಎಂದು ಹುಡುಗರು ಕೇಳುವುದುಂಟು. ಉತ್ತರ ತುಟಿಯಲ್ಲಿದೆ. ಟ್ರಂಪೆಟ್ ಎಂದರೆ ಸುತ್ತಿ ಮಡಚಿದ ಸುಮಾರು ನಾಲ್ಕೂವರೆ ಅಡಿ ಉದ್ದದ ಕೊಳವೆ. ಯಾವ ಗುಂಡಿಯನ್ನೂ ಒತ್ತದೆ, ತುಟಿಯನ್ನು ಬಿಗಿ ಮಾಡುತ್ತ ಹೋದರೆ ಅದೇ ಕೊಳವೆಯಿಂದ ಸ, ಪ, ಮೇಲಿನ ಸ, ಅದರ ಮೇಲಿನ ಗ ಹೀಗೆ ಕೆಲವೇ ಸ್ವರಗಳು ಹೊರಡುತ್ತವೆ. ಸೈನ್ಯದ ಬ್ಯೂಗಲ್ ಇಷ್ಟಕ್ಕೇ ನಿಲ್ಲುತ್ತದೆ. ಆದ್ದರಿಂದ ಬ್ಯೂಗಲ್‌ನಲ್ಲಿ ಕರೆ ಊದಬಹುದು, ಸಿನಿಮಾ ಹಾಡು ನುಡಿಸಲಾಗದು.

ಉಳಿದ ಸ್ವರಗಳಿಗೆ ಕೊಳವೆಯ ಉದ್ದ ಬದಲಾಗಬೇಕು. ಗುಂಡಿ ಒತ್ತಿದರೆ ಗಾಳಿ ಒಂದು ಹೆಚ್ಚಿನ ಸುತ್ತು ಹಾಕಿ ಬರುತ್ತದೆ, ಸ್ವರ ಇಳಿಯುತ್ತದೆ. ಈ ಯುಕ್ತಿ ಜರ್ಮನಿಯಲ್ಲಿ 1810ರ ದಶಕದಲ್ಲಿ ಹುಟ್ಟಿತು. ಎರಡನೆಯ ಗುಂಡಿ ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ. ಶುದ್ಧ ಸ್ವರಗಳ ಸರಿಗಮ ಹೀಗೆ ಬರುತ್ತದೆ: ಸ ಕ್ಕೆ ಯಾವ ಗುಂಡಿಯೂ ಬೇಡ. ರಿ ಗೆ 1 ಮತ್ತು 3. ಗ ಕ್ಕೆ 1 ಮತ್ತು 2. ಮ ಕ್ಕೆ 1. ಪ ಕ್ಕೆ ಮತ್ತೆ ಯಾವುದೂ ಬೇಡ. ಧ ಕ್ಕೆ 1 ಮತ್ತು 2. ನಿ ಗೆ 2. ಮೇಲಿನ ಸ ಕ್ಕೆ ಯಾವುದೂ ಬೇಡ.

ಗ ಮತ್ತು ಧ ಎರಡಕ್ಕೂ ಒಂದೇ ಗುಂಡಿಗಳು ಎಂಬುದನ್ನು ಗಮನಿಸಬೇಕು. ಕಣ್ಣಿನಿಂದ ನೋಡಿ ಕಲಿಯಲು ಹೋದವನಿಗೆ ಇಲ್ಲಿ ದಾರಿ ತಪ್ಪುತ್ತದೆ. ಯಾವುದು ಬರಬೇಕು ಎಂಬುದು ತುಟಿಯ ಬಿಗಿ ಮತ್ತು ಕಿವಿಯ ನೆನಪಿನ ಮೇಲೆ ನಿಂತಿದೆ. ಯೂಫೋನಿಯಂನ ಕೊಳವೆ ಟ್ರಂಪೆಟ್‌ನ ಎರಡು ಪಟ್ಟು ಉದ್ದ. ಅದಕ್ಕೇ ಅದರ ಸ್ವರ ಸರಿಯಾಗಿ ಒಂದು ಸಪ್ತಕ ಕೆಳಗೆ ಕೇಳಿಸುತ್ತದೆ.

ಗುಂಡಿಯ ವಾದ್ಯದಲ್ಲಿ ಒಂದು ತೊಡಕಿದೆ. ನಮ್ಮ ಹಾಡಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬಹಳ. ಗುಂಡಿ ಒತ್ತಿದರೆ ಸ್ವರ ಜಿಗಿಯುತ್ತದೆ, ಜಾರುವುದಿಲ್ಲ. ಕ್ಲಾರ್ನೆಟ್‌ನಲ್ಲಿ ಬೆರಳನ್ನು ರಂಧ್ರದ ಮೇಲಿಂದ ಮೆಲ್ಲಗೆ ಸರಿಸಿ ಮೀಂಡ್ ತೆಗೆಯಬಹುದು. ಅದಕ್ಕೇ ಭಾವಗೀತೆ, ಅಭಂಗ, ದಾಸರ ಪದ ಬಂದಾಗ ಕ್ಲಾರ್ನೆಟ್ ಮುಂದೆ ಬರುತ್ತದೆ. ಕುಣಿತದ ಹಾಡಿಗೆ ಟ್ರಂಪೆಟ್ ಮುಂದೆ ಬರುತ್ತದೆ.

‘ಕಪ್ಪು ಐದು’ ಮತ್ತು ಕಿವಿಯ ಪಾಠ

ಪಾಶ್ಚಾತ್ಯ ಪದ್ಧತಿಯ ಐದು ಗೆರೆಯ ಸ್ವರಲಿಪಿ ಓದಬಲ್ಲವರು ಹಳ್ಳಿಯ ಬ್ಯಾಂಡುಗಳಲ್ಲಿ ಅಪರೂಪ. ಹಾಡು ಬರುವುದು ಕಿವಿಯಿಂದ. ಮೊದಲು ರೇಡಿಯೋ, ಆಮೇಲೆ ಕ್ಯಾಸೆಟ್, ಈಗ ಮೊಬೈಲ್. ಮಾಸ್ತರ ಹಾಡನ್ನು ಮತ್ತೆ ಮತ್ತೆ ಕೇಳಿ ಧಾಟಿ ಹಿಡಿಯುತ್ತಾನೆ. ಕೆಲವರು ಅದನ್ನು ವಹಿಯಲ್ಲಿ ಸರಿಗಮದಲ್ಲಿ ಬರೆದಿಡುತ್ತಾರೆ. ಸಂಜೆ ತಾಲೀಮಿನಲ್ಲಿ ಒಬ್ಬೊಬ್ಬರಿಗೂ ಅವರ ಪಾಲಿನ ತುಣುಕು ಹೇಳಿಕೊಡುತ್ತಾನೆ. ಪಲ್ಲವಿ ಎಲ್ಲರದು, ಚರಣ ಕ್ಲಾರ್ನೆಟ್‌ನದು, ನಡುವೆ ಬರುವ ‘ಮ್ಯೂಸಿಕ್’ ಟ್ರಂಪೆಟ್‌ನದು ಎಂದು ಹಂಚಿಕೆಯಾಗುತ್ತದೆ.

ಶ್ರುತಿಯನ್ನು ಹೇಳಲು ಇವರು ಹಾರ್ಮೋನಿಯಂ ಪಟ್ಟಿಗಳ ಲೆಕ್ಕ ಬಳಸುತ್ತಾರೆ. ಟ್ರಂಪೆಟ್, ಕ್ಲಾರ್ನೆಟ್, ಯೂಫೋನಿಯಂಗಳ ಸಹಜ ಸ ಎಂದರೆ ಬಿ ಫ್ಲಾಟ್, ಅಂದರೆ ‘ಕಪ್ಪು ಐದು’. ಮರಾಠಿಯಲ್ಲಿ ‘ಕಾಳೀ ಪಾಚ್’. ಆಲ್ಟೊ ಸ್ಯಾಕ್ಸೋಫೋನ್‌ನದು ಇ ಫ್ಲಾಟ್, ಅಂದರೆ ‘ಕಪ್ಪು ಎರಡು’. ಆದ್ದರಿಂದ ಇಬ್ಬರೂ ಒಂದೇ ಬೆರಳು ಹಿಡಿದರೆ ಬೇರೆ ಬೇರೆ ಸ್ವರ ಕೇಳುತ್ತದೆ. ಸ್ಯಾಕ್ಸೋಫೋನ್‌ನವನು ಮನಸ್ಸಿನಲ್ಲೇ ಲೆಕ್ಕ ಬದಲಿಸಿಕೊಂಡು ನುಡಿಸಬೇಕು. ಶಾಲೆಯಲ್ಲಿ ಹೆಚ್ಚು ಓದದ ಎಷ್ಟೋ ಜನ ಈ ಲೆಕ್ಕವನ್ನು ನಡೆಯುತ್ತ, ಬಿಸಿಲಿನಲ್ಲಿ, ಜನರ ನಡುವೆ ಮಾಡುತ್ತಾರೆ.

ಬಿಸಿಲಿನ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. ಸೋಲಾಪುರ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಕೊಳವೆಯ ಒಳಗಿನ ಗಾಳಿ ಕಾದರೆ ಊದುವ ವಾದ್ಯದ ಸ್ವರ ಏರುತ್ತದೆ. ಗಾಡಿಯ ಮೇಲಿನ ಕ್ಯಾಸಿಯೋ ಸ್ವರ ಏರುವುದಿಲ್ಲ. ಎರಡೂ ಬೇಸುರಾಗದಂತೆ ಟ್ರಂಪೆಟ್‌ನವರು ಹೊಂದಿಸುವ ಕೊಳವೆಯನ್ನು ಸ್ವಲ್ಪ ಹೊರಗೆ ಎಳೆದುಕೊಳ್ಳುತ್ತಾರೆ. ಹಾಡುಗಳ ನಡುವೆ ವಾದ್ಯವನ್ನು ಬಗ್ಗಿಸಿ ನೀರು ಚೆಲ್ಲುವುದನ್ನು ನೋಡಿ ಮಕ್ಕಳು ನಗುತ್ತಾರೆ. ಅದರಲ್ಲಿ ಹೆಚ್ಚಿನದು ಉಗುಳಲ್ಲ, ಉಸಿರಿನ ಆವಿ ಕೊಳವೆಯೊಳಗೆ ನೀರಾಗಿ ನಿಂತದ್ದು.

ಮದುವೆಯ ಒಂದು ದಿನ, ಎರಡು ಭಾಷೆ

ಗಡಿಭಾಗದ ಮದುವೆಯಲ್ಲಿ ಬ್ಯಾಂಡಿನ ಕೆಲಸ ಬೆಳಿಗ್ಗೆಯೇ ಶುರು. ಅರಿಶಿಣ, ಸುರಗಿ ನೀರಿನ ಹೊತ್ತಿಗೆ ಮೆಲುವಾದ ದೇವರ ಹಾಡು. ಬೀಗರು ಬಂದಾಗ ಎದುರುಗೊಳ್ಳುವ ಹಾಡು. ಮದುಮಗನನ್ನು ಹನುಮಂತ ದೇವರ ಗುಡಿಗೆ ಕರೆದೊಯ್ದು ಮರಳಿ ಕರೆತರುವಾಗ ಕುಣಿತದ ಹಾಡು. ಮಂಗಳಾಷ್ಟಕ ನಡೆಯುವಾಗ ಬ್ಯಾಂಡ್ ಮೌನ. ಮರಾಠಿ ಮಂಗಳಾಷ್ಟಕದಲ್ಲಿ ವಾಜಂತ್ರಿಯವರಿಗೆ ಹೆಚ್ಚು ಗದ್ದಲ ಮಾಡಬೇಡಿರೆಂದು ಹೇಳುವ ಮಾತೂ ಉಂಟು. ಕೊನೆಯ ಅಕ್ಷತೆ ಬಿದ್ದ ಕ್ಷಣದಲ್ಲೇ ಎಲ್ಲ ವಾದ್ಯಗಳು ಒಟ್ಟಿಗೆ ಎತ್ತಬೇಕು. ಮಾಸ್ತರನ ಕಣ್ಣು ಪೂರ್ತಿ ಭಟ್ಟರ ಅಥವಾ ಸ್ವಾಮಿಗಳ ಕೈಯ ಮೇಲೆ ಇರುತ್ತದೆ. ಒಂದು ಗಳಿಗೆ ಮೊದಲಾದರೂ ತಪ್ಪು, ತಡವಾದರೂ ತಪ್ಪು. ಸಂಜೆಗೆ ವರಾತ. ಮದುಮಗಳನ್ನು ಗಂಡನ ಮನೆ ತುಂಬಿಸುವಾಗ ಮತ್ತೆ ಹಾಡು ಮೆಲುವಾಗುತ್ತದೆ.

ಅಕ್ಕಲಕೋಟೆಯ ಹುಡುಗನಿಗೆ ಆಳಂದ ಅಥವಾ ಅಫಜಲಪುರದ ಹೆಣ್ಣು, ಜತ್ತಿನ ಮನೆಗೆ ಅಥಣಿ ಅಥವಾ ಇಂಡಿಯ ಬೀಗರು. ಇದು ಇಲ್ಲಿ ದಿನನಿತ್ಯದ ಸಂಗತಿ. ಹೀಗಾಗಿ ಬ್ಯಾಂಡಿನ ಹಾಡಿನ ಪಟ್ಟಿಗೆ ಎರಡು ಭಾಷೆ ಬೇಕೇ ಬೇಕು, ಹಿಂದಿ ಸೇರಿದರೆ ಮೂರು. ರಾಜಕುಮಾರ್ ಹಾಡು, ಮರಾಠಿ ಲಾವಣಿಯ ಧಾಟಿ, 1954ರ ‘ನಾಗಿನ್’ ಚಿತ್ರದ ಪುಂಗಿಯ ರಾಗ ಇವೆಲ್ಲ ಒಂದೇ ವರಾತದಲ್ಲಿ ಬರುತ್ತವೆ. ಆ ಪುಂಗಿಯ ಸದ್ದನ್ನು ಚಿತ್ರದಲ್ಲಿ ಪುಂಗಿಯಿಂದ ತೆಗೆದಿರಲಿಲ್ಲ, ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದಿಂದ ತೆಗೆದಿದ್ದರು. ಬ್ಯಾಂಡಿನವರು ಅದನ್ನು ಕ್ಲಾರ್ನೆಟ್‌ಗೆ ತಂದರು, ಹುಡುಗರು ಕರವಸ್ತ್ರವನ್ನು ಬಾಯಲ್ಲಿ ಹಿಡಿದು ಹೆಡೆಯಾಡಿಸಿದರು.

ಸೋಲಾಪುರ ಜಿಲ್ಲೆಯವರೇ ಆದ ನಾಗರಾಜ ಮಂಜುಳೆ ನಿರ್ದೇಶಿಸಿದ ‘ಸೈರಾಟ್’ 2016ರಲ್ಲಿ ಬಂದಾಗ ಅಜಯ್-ಅತುಲ್ ಅವರ ‘ಝಿಂಗಾಟ್’ ಇಲ್ಲದ ವರಾತವೇ ಇರಲಿಲ್ಲ. ಮರುವರ್ಷ ಅದೇ ಚಿತ್ರ ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ಬಂತು. ಬ್ಯಾಂಡಿನವರಿಗೆ ಇದರಿಂದ ಹೊಸ ತಾಲೀಮು ಬೇಕಾಗಲಿಲ್ಲ. ಒಂದೇ ಧಾಟಿಗೆ ಒಂದು ಕಡೆಯವರು ಮರಾಠಿಯಲ್ಲಿ, ಇನ್ನೊಂದು ಕಡೆಯವರು ಕನ್ನಡದಲ್ಲಿ ಹಾಡಿಕೊಂಡು ಕುಣಿದರು. ಮಾತಿಲ್ಲದ ವಾದ್ಯಕ್ಕೆ ಗಡಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಕನ್ನಡದ ದಾಸರ ಪದವನ್ನೂ ಮರಾಠಿ ಅಭಂಗವನ್ನೂ ಸಮನಾಗಿ ಹಾಡಿ ಎರಡೂ ನಾಡನ್ನು ಗೆದ್ದ ಪಂಡಿತ ಭೀಮಸೇನ ಜೋಶಿ (1922-2011) ಅವರ ಬಾಲ್ಯದ ಒಂದು ಸಂಗತಿ ಪ್ರಸಿದ್ಧ. ಗದಗ ಸೀಮೆಯ ಈ ಹುಡುಗ ಮೆರವಣಿಗೆಯ ವಾದ್ಯದವರ ಹಿಂದೆಯೇ ನಡೆದು ಹೋಗಿ, ದಣಿದಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಸಾಕಾದ ತಂದೆ ಕೊನೆಗೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ.

ಮದುವೆ ಬಿಟ್ಟರೆ?

ಬ್ಯಾಂಡಿಗೆ ಮದುವೆಯೊಂದೇ ಆಸರೆಯಲ್ಲ. ಸಂಕ್ರಾಂತಿಗೆ ಸೋಲಾಪುರದ ಸಿದ್ಧರಾಮೇಶ್ವರ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ, ಅದರ ಅಕ್ಷತೆಯ ಸಮಾರಂಭ ದೇವರ ಮದುವೆಯೇ ಸರಿ. ಫೆಬ್ರವರಿ 19ರ ಶಿವಾಜಿ ಜಯಂತಿ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಅಕ್ಷಯ ತದಿಗೆಯ ಬಸವ ಜಯಂತಿ, ಊರ ಉರುಸು, ಗಣಪತಿ, ನವರಾತ್ರಿ ಎಲ್ಲಕ್ಕೂ ಮೆರವಣಿಗೆ ಉಂಟು. ಚುನಾವಣೆಯಲ್ಲಿ ಗೆದ್ದವರ ಮೆರವಣಿಗೆ, ನಿವೃತ್ತರಾದ ಗುರುಗಳ ಬೀಳ್ಕೊಡುಗೆ, ಸೈನ್ಯದಿಂದ ಮರಳಿದ ಯೋಧನ ಸ್ವಾಗತ ಇವೂ ಸೇರಿವೆ.

ತುಂಬು ಬಾಳು ಬಾಳಿದ ಹಿರಿಯರು ತೀರಿಕೊಂಡಾಗಲೂ ಬ್ಯಾಂಡ್ ಕರೆಸುವ ಮನೆಗಳಿವೆ. ಆಗ ಢೋಲಿನ ಸದ್ದು ತಗ್ಗಿಸಿ ಭಜನೆಯ ಧಾಟಿಗಳನ್ನಷ್ಟೇ ನುಡಿಸುತ್ತಾರೆ. ಬೆಳಿಗ್ಗೆ ಅಂತ್ಯಯಾತ್ರೆಗೆ ಊದಿದವರೇ ಸಂಜೆ ವರಾತಕ್ಕೆ ಊದಬೇಕಾದ ದಿನಗಳೂ ಇರುತ್ತವೆ. ಯಾವ ಮನೆಯಲ್ಲಿ ಯಾವ ಹಾಡು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ತಿಳಿವಳಿಕೆ ಮಾಸ್ತರನಿಗೆ ಹಾಡಿನಷ್ಟೇ ಮುಖ್ಯ.

ಕೆಲವೇ ದಿನದ ದುಡಿಮೆ, ವರ್ಷದ ಬಾಳು

ಬ್ಯಾಂಡಿನವರ ಲೆಕ್ಕ ಪಂಚಾಂಗದ ಮೇಲಿದೆ. ಕಾರ್ತಿಕದಲ್ಲಿ ತುಳಸಿ ಲಗ್ನವಾದ ಮೇಲೆ ಮುಹೂರ್ತಗಳು ಶುರುವಾಗಿ, ಆಷಾಢ ಬರುವ ಹೊತ್ತಿಗೆ ಮುಗಿಯುತ್ತವೆ. ನಡುವೆ ಪುಷ್ಯದಲ್ಲಿ ಬಿಡುವು. ಅಧಿಕ ಮಾಸ ಬಂದರೆ, ಗುರು ಶುಕ್ರರ ಅಸ್ತವಾದರೆ ಇನ್ನಷ್ಟು ದಿನ ಕಡಿಮೆ. ಉಳಿದ ತಿಂಗಳುಗಳಲ್ಲಿ ವಾದಕರು ಹೊಲದ ಕೂಲಿ, ಕಬ್ಬು ಕಟಾವು, ಗೌಂಡಿ ಕೆಲಸ, ರಿಕ್ಷಾ ಓಡಿಸುವುದು ಹೀಗೆ ಸಿಕ್ಕಿದ್ದನ್ನು ಮಾಡುತ್ತಾರೆ.

ವಾದ್ಯ, ಸಮವಸ್ತ್ರ, ಗಾಡಿ ಮಾಲಕನವು. ಮನೆಯವರು ಕೊಟ್ಟ ಹಣದಲ್ಲಿ ವಾಹನ, ಡೀಸೆಲ್, ರಿಪೇರಿ ಖರ್ಚು ಕಳೆದು ಉಳಿದದ್ದು ಹಂಚಿಕೆಯಾಗುತ್ತದೆ. ಕ್ಲಾರ್ನೆಟ್, ಟ್ರಂಪೆಟ್ ಚೆನ್ನಾಗಿ ನುಡಿಸುವವನಿಗೆ ಹೆಚ್ಚು, ತಾಳದವನಿಗೆ ಕಡಿಮೆ. ಕುಣಿಯುವವರು ನಿವಾಳಿಸಿ ಕೊಡುವ ನೋಟುಗಳು ಬೇರೆ. ಒಳ್ಳೆಯ ವಾದಕ ಬೇರೆ ಕಂಪನಿಗೆ ಹೋಗಬಾರದೆಂದು ಮಾಲಕ ಸೀಜನ್ ಮೊದಲೇ ‘ಉಚಲ’ ಕೊಡುವುದುಂಟು. ಕಬ್ಬು ಕಟಾವಿನ ಟೋಳಿಗೆ ಕೊಡುವಂಥದೇ ಮುಂಗಡ ಇದು. ಮಳೆಗಾಲದ ಹಸಿವಿಗೆ ಅದು ಆಸರೆಯಾಗುತ್ತದೆ. ತೀರಿಸಲಾಗದಿದ್ದರೆ ಮರುವರ್ಷವೂ ಅದೇ ಕಂಪನಿಯಲ್ಲಿ ದುಡಿಯಬೇಕಾಗುತ್ತದೆ.

ಈ ಬಾಳು ಎಷ್ಟು ಸೂಕ್ಷ್ಮ ಎಂಬುದು ಕೊರೊನಾ ಕಾಲದಲ್ಲಿ ಕಂಡಿತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಲಗ್ನಸರಾಯಿ ಎದುರಿಗೇ ಇತ್ತು. 2021ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದಲ್ಲಿ ಮದುವೆಗೆ 25 ಜನ, ಎರಡು ತಾಸು ಎಂಬ ನಿರ್ಬಂಧ ಬಂತು. ಇಪ್ಪತ್ತೈದು ಜನರ ಮದುವೆಗೆ ಇಪ್ಪತ್ತು ಜನರ ಬ್ಯಾಂಡ್ ಯಾರು ಕರೆಸುತ್ತಾರೆ? ಬೆನ್ನುಬೆನ್ನಿಗೆ ಎರಡು ಬೇಸಿಗೆ ಕೈತಪ್ಪಿದವು.

ಡಾಲ್ಬಿಯ ಎದುರು

ಡಾಲ್ಬಿ ಬಂದ ಕಾರಣ ಸರಳ. ನಾಲ್ಕು ಹುಡುಗರು ಸಾಕು, ಊಟ ಕಡಿಮೆ, ಯಾವ ಹಾಡು ಕೇಳಿದರೂ ಮೊಬೈಲ್‌ನಲ್ಲಿ ಇದೆ, ದಣಿವು ಇಲ್ಲ. ಹುಡುಗರಿಗೆ ಎದೆ ನಡುಗಿಸುವ ಸದ್ದು ಬೇಕು. ಬ್ಯಾಂಡ್ ಎಷ್ಟೇ ಊದಿದರೂ ಆ ಸದ್ದಿನ ಮುಂದೆ ಕೇಳಿಸುವುದಿಲ್ಲ.

ಆದರೆ ಡಾಲ್ಬಿಗೆ ಮಾಡಲಾಗದ ಕೆಲಸಗಳಿವೆ. ಓಣಿಯಲ್ಲಿ ಮುದುಕರು ನಿಂತಿದ್ದರೆ ಮಾಸ್ತರ ಹಾಡು ಬದಲಿಸುತ್ತಾನೆ. ದುಃಖದ ಮನೆಯ ಮುಂದೆ ಬ್ಯಾಂಡ್ ನಿಲ್ಲಿಸಿ ಸುಮ್ಮನೆ ನಡೆಯುತ್ತಾನೆ. ಕುಣಿಯುವವರು ದಣಿದರೆ ಲಯ ಇಳಿಸುತ್ತಾನೆ, ಬೀಗರು ಬಂದರೆ ಅವರ ಭಾಷೆಯ ಹಾಡು ಎತ್ತುತ್ತಾನೆ. ಕೊಟ್ಟ ಹಣವೂ ಹದಿನೈದಿಪ್ಪತ್ತು ಮನೆಗೆ ಹಂಚಿಹೋಗುತ್ತದೆ.

ಕಾನೂನಿನ ಮಾತನ್ನೂ ತಿಳಿದಿರಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆಗ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2010ರ ತಿದ್ದುಪಡಿಯ ನಂತರ ವಾದ್ಯಗಳಿಗೂ ಇದೇ ನಿಯಮ. ಹೀಗಾಗಿ ರಾತ್ರಿ 10ರ ನಂತರ ಬ್ಯಾಂಡ್ ಕೂಡ ನಿಲ್ಲಬೇಕು. ಹಬ್ಬ ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್‌ವರೆಗಿನ ಜಾಗವನ್ನು ಶಾಂತ ವಲಯವಾಗಿ ಘೋಷಿಸಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್.

ಸದ್ದಿನ ಮೊದಲ ಪೆಟ್ಟು ವಾದಕರಿಗೇ ಬೀಳುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಇರುವುದು ಕಿವಿಗೆ ಅಪಾಯ ಎಂಬುದು ಒಪ್ಪಿತ ಲೆಕ್ಕ. ಸದ್ದು ಏರಿದಂತೆ ಸುರಕ್ಷಿತ ಅವಧಿ ಬೇಗ ಇಳಿಯುತ್ತದೆ. ಭೋಂಗಾದ ಪಕ್ಕದಲ್ಲೇ ನಡೆಯುವ ಡ್ರಮ್ಮಿನವನ ಕಿವಿ ನಿಧಾನವಾಗಿ ಮಂದವಾಗುತ್ತದೆ. ಟ್ರಂಪೆಟ್‌ನವನ ಬಂಡವಾಳ ತುಟಿ ಮತ್ತು ಮುಂದಿನ ಹಲ್ಲು. ಹಲ್ಲು ಬಿದ್ದರೆ ವಾದ್ಯ ಬಿದ್ದಂತೆಯೇ. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ ಇ-ಶ್ರಮ್‌ನಲ್ಲಿ 16ರಿಂದ 59 ವರ್ಷದವರು ಹೆಸರು ನೋಂದಾಯಿಸಬಹುದು. ಹಿರಿಯ ಕಲಾವಿದರಿಗೆ ಮಾನಧನ ಕೊಡುವ ಯೋಜನೆ ಮಹಾರಾಷ್ಟ್ರ ಸರ್ಕಾರದಲ್ಲಿದೆ. ಗಡಿಭಾಗದ ಕನ್ನಡಿಗ ವಾದಕರು ಪಂಚಾಯತ ಸಮಿತಿಯಲ್ಲಿ ವಿಚಾರಿಸಿ ಅರ್ಜಿ ಹಾಕುವುದು ಒಳ್ಳೆಯದು.

ಮನೆಯವರು ಮಾಡಬಹುದಾದದ್ದು

ಬ್ಯಾಂಡ್ ಉಳಿಯಬೇಕಾದರೆ ದೊಡ್ಡ ಯೋಜನೆಗಳೇ ಬೇಕೆಂದಿಲ್ಲ. ಸುಪಾರಿ ಕೊಡುವಾಗ ಎಷ್ಟು ಜನ, ಎಷ್ಟು ತಾಸು, ಎಷ್ಟು ಹಣ ಎಂಬುದನ್ನು ಚೀಟಿಯಲ್ಲಿ ಬರೆಸಿ ಇಬ್ಬರೂ ಇಟ್ಟುಕೊಂಡರೆ ವರಾತದ ರಾತ್ರಿಯ ಜಗಳ ತಪ್ಪುತ್ತದೆ. ಬೇಕಾದ ಹೊಸ ಹಾಡುಗಳನ್ನು ಎಂಟು ದಿನ ಮೊದಲೇ ಹೇಳಿದರೆ ತಾಲೀಮಿಗೆ ಸಮಯ ಸಿಗುತ್ತದೆ. ಅಕ್ಷತೆಗೂ ವರಾತಕ್ಕೂ ನಡುವೆ ಕೂರಲು ನೆರಳು, ಕುಡಿಯಲು ನೀರು, ಎಲ್ಲರ ಜೊತೆ ಪಂಕ್ತಿಯಲ್ಲಿ ಊಟ ಕೊಡಬೇಕು. ಉಳಿದ ಹಣವನ್ನು ಅಂದೇ ಮುಟ್ಟಿಸಬೇಕು. ಕುಡಿದ ಹುಡುಗರು ವಾದಕರ ಮೈಮೇಲೆ ಬೀಳದಂತೆ ಮನೆಯ ಇಬ್ಬರು ಹಿರಿಯರು ಜೊತೆಗೆ ನಡೆದರೆ ಸಾಕು.

ಬ್ಯಾಂಡ್ ಮಾಲಕರೂ ಒಂದು ಮಾತು ಯೋಚಿಸಬೇಕು. ಡಾಲ್ಬಿಯೊಡನೆ ಸದ್ದಿನ ಪೈಪೋಟಿಗೆ ಇಳಿದರೆ ಗೆಲ್ಲುವುದು ಡಾಲ್ಬಿಯೇ. ಗಾಡಿಯ ಭೋಂಗಾ ದೊಡ್ಡದು ಮಾಡುವ ಬದಲು ಕ್ಲಾರ್ನೆಟ್‌ಗೆ ಒಬ್ಬ ಹೊಸ ಹುಡುಗನನ್ನು ತಯಾರು ಮಾಡುವುದು ಹೆಚ್ಚು ದಿನ ಬಾಳುವ ಕೆಲಸ. ಹುಡುಗನ ತುಟಿ ಗಟ್ಟಿಯಾಗಿ, ಕಿವಿ ಪಳಗಿ, ಎರಡು ಭಾಷೆಯ ಹಾಡುಗಳು ಕೈಗೆ ಹತ್ತಲು ವರ್ಷಗಳು ಬೇಕು. ಈಗಿರುವ ಮಾಸ್ತರರು ಇರುವಾಗಲೇ ಅದು ಆಗಬೇಕು. ಮಳೆಗಾಲದಲ್ಲಿ ಸುಪಾರಿ ಇಲ್ಲದೆ ಕೂರುವ ದಿನಗಳೇ ಕಲಿಯಲು, ಕಲಿಸಲು ಸರಿಯಾದ ಹೊತ್ತು.